ಹಳೆಯ ಜಾಝ್ ಪೆಟ್ಟಿಗೆಗೆ ಎಷ್ಟು ಕೊಡಬಹುದು?

ದಾವಣಗೆರೆಯಿಂದ ಒಬ್ಬ ತಂದೆ ಪತ್ರ ಬರೆದಿದ್ದಾರೆ. ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಬ್ಯಾಂಕಿನ ಸಾಲ ಇನ್ನೂ ತಲೆಯ ಮೇಲಿದೆ. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಸಂಜೆ ಹೊತ್ತು ದುಡಿದು ಕೂಡಿಟ್ಟ ಹಣದಲ್ಲಿ ಮುನ್ನೂರು ಡಾಲರ್ ಕೊಟ್ಟು, ನಾಲ್ಕು ಹಳೆಯ ಎಲ್‌ಪಿ ತಟ್ಟೆಗಳಿರುವ ಪೆಟ್ಟಿಗೆಯೊಂದನ್ನು ಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾನಂತೆ. ಥೆಲೋನಿಯಸ್ ಮಾಂಕ್ ಎಂಬ ಪಿಯಾನೊ ವಾದಕನ ಜಾಝ್ ಸಂಗೀತ. ‘ಅದು ಈಗ ಮಾರಾಟದಲ್ಲಿ ಇಲ್ಲ, ಇನ್ನು ಮುಂದೆ ಸಿಗುವುದೂ ಇಲ್ಲ ಅನ್ನುತ್ತಾನೆ. ತಟ್ಟೆ ಹಾಕಿ ಕೇಳುವ ಯಂತ್ರವೂ ಅವನ ಹತ್ತಿರ ಇಲ್ಲ ಸಾರ್. ಧ್ವನಿಯ ವಿಜ್ಞಾನದ ಬಗ್ಗೆ ಬರೆಯುತ್ತಿರುತ್ತೀರಲ್ಲ, ಅವನಿಗೊಂದು ಮಾತು ಬುದ್ಧಿ ಹೇಳಿ’ ಎಂದು ಕೇಳಿದ್ದಾರೆ.

ಬುದ್ಧಿ ಹೇಳುವುದು ಮೇಷ್ಟರುಗಳ ಚಟ. ಆದರೆ ಈ ವಿಷಯದಲ್ಲಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ಪಿಯುಸಿ ಓದುವಾಗ ರಾತ್ರಿ ಶಾರ್ಟ್‌ವೇವ್ ರೇಡಿಯೊದ ಮುಳ್ಳು ತಿರುಗಿಸುತ್ತ ಕೂತು, ವಾಯ್ಸ್ ಆಫ್ ಅಮೆರಿಕಾದಲ್ಲಿ ವಿಲ್ಲಿಸ್ ಕಾನೋವರ್ ಎಂಬಾತ ನಡೆಸುತ್ತಿದ್ದ ಜಾಝ್ ಕಾರ್ಯಕ್ರಮ ಕೇಳಿದವನು ನಾನು. ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದ ಅವನ ಇಂಗ್ಲಿಷು ನನಗೆ ಅರ್ಥವಾದ ಮೊದಲ ಪರದೇಶದ ಇಂಗ್ಲಿಷು. ಅಂದಿನಿಂದ ಈ ಸಂಗೀತದ ಮೇಲೆ ನನಗೆ ಪಕ್ಷಪಾತವಿದೆ. ಆದರೆ ಪೆಟ್ಟಿಗೆಗಳ ಮೇಲೆ ಇಲ್ಲ.

ಮೊದಲು ಈ ಪೆಟ್ಟಿಗೆ ಎಂದರೇನು ನೋಡೋಣ. ಒಬ್ಬ ಕಲಾವಿದ ಒಂದು ಕಂಪನಿಗೆ ನುಡಿಸಿದ್ದನ್ನೆಲ್ಲ, ಆಗ ಹೊರಬಂದದ್ದು, ಬಾರದೆ ಉಳಿದದ್ದು ಎರಡನ್ನೂ, ಕಾಲಾನುಕ್ರಮದಲ್ಲಿ ಜೋಡಿಸಿ, ಜೊತೆಗೆ ದಪ್ಪನೆಯ ಪುಸ್ತಿಕೆಯೊಂದನ್ನು ಇಟ್ಟು ಮಾರುವ ಸಂಪುಟ. ನಮ್ಮಲ್ಲಿ ಕವಿಗಳ ಸಮಗ್ರ ಕಾವ್ಯ ತರುವುದಿಲ್ಲವೇ, ಹಾಗೆ. ಜಾಝ್‌ನಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್ ಊರಿನ ಮೊಸಾಯಿಕ್ ರೆಕಾರ್ಡ್ಸ್. ಮೈಕೆಲ್ ಕುಸ್ಕುನಾ ಮತ್ತು ಚಾರ್ಲಿ ಲೌರಿ ಎಂಬ ಇಬ್ಬರು ಗೆಳೆಯರು ಹುಟ್ಟುಹಾಕಿದ್ದು. ಕುಸ್ಕುನಾ 1975ರಿಂದಲೇ ಬ್ಲೂ ನೋಟ್ ಕಂಪನಿಯ ಉಗ್ರಾಣ ಹೊಕ್ಕು ಹಳೆಯ ಟೇಪುಗಳನ್ನು ಕೆದಕುತ್ತಿದ್ದ. ಅಲ್ಲಿ ಮಾಂಕ್‌ನ ಬೆಳಕು ಕಾಣದ ಧ್ವನಿಮುದ್ರಣಗಳು ಸಿಕ್ಕವು. ಆದರೆ ಅವು ಒಂದು ಎಲ್‌ಪಿಗೆ ಸಾಲುವಷ್ಟಿರಲಿಲ್ಲ. ಬಿಡಿಯಾಗಿ ತರಲಾಗದು, ಬಿಡಲು ಮನಸ್ಸಿಲ್ಲ. ಹಾಗಾದರೆ ಮಾಂಕ್ ಬ್ಲೂ ನೋಟ್‌ಗೆ ನುಡಿಸಿದ್ದನ್ನೆಲ್ಲ ಒಟ್ಟಿಗೆ ತಂದರಾಯಿತು ಎಂಬ ಆಲೋಚನೆಯಿಂದ 1983ರಲ್ಲಿ ಹೊರಬಂದದ್ದೇ ದಾವಣಗೆರೆಯ ಹುಡುಗ ಕೇಳುತ್ತಿರುವ ಪೆಟ್ಟಿಗೆ. ಲೌರಿ 2000ದಲ್ಲಿ ತೀರಿಕೊಂಡರು, ಕುಸ್ಕುನಾ 2024ರಲ್ಲಿ.

ಇವರ ವ್ಯಾಪಾರದ ರೀತಿಯೇ ಬೇರೆ. ಧ್ವನಿಮುದ್ರಣಗಳು ಇವರ ಸ್ವಂತದ್ದಲ್ಲ, ದೊಡ್ಡ ಕಂಪನಿಗಳಿಂದ ಗುತ್ತಿಗೆಗೆ ಪಡೆದದ್ದು. ಐದು ಸಾವಿರವೋ ಏಳೂವರೆ ಸಾವಿರವೋ ಹತ್ತು ಸಾವಿರವೋ ಪ್ರತಿಗಳು, ಒಂದೊಂದಕ್ಕೂ ಕ್ರಮಸಂಖ್ಯೆ, ಅಂಗಡಿಗೆ ಹಾಕದೆ ಅಂಚೆಯ ಮೂಲಕವೇ ಮಾರಾಟ. ಅಷ್ಟೂ ಖರ್ಚಾದರೆ ಅಥವಾ ಗುತ್ತಿಗೆಯ ಅವಧಿ ತೀರಿದರೆ ಮುಗಿಯಿತು. ಆಮೇಲೆ ಅದು ಕೈಯಿಂದ ಕೈಗೆ, ಏರಿದ ಬೆಲೆಗೆ.

ಇಲ್ಲೇ ಹುಡುಗರು ಎಡವುವುದು. ಪೆಟ್ಟಿಗೆ ಮುಗಿದುಹೋಗಿದೆ ಎಂದರೆ ಅದರೊಳಗಿನ ಸಂಗೀತವೂ ಮುಗಿದುಹೋಯಿತು ಎಂದು ತಿಳಿಯುತ್ತಾರೆ. ಮಾಂಕ್‌ನ ವಿಷಯವನ್ನೇ ತೆಗೆದುಕೊಳ್ಳಿ. 1947ರಿಂದ 1952ರವರೆಗೆ ಆತ ಬ್ಲೂ ನೋಟ್‌ಗೆ ನುಡಿಸಿದ್ದನ್ನು ಆ ಕಂಪನಿಯೇ 1994ರಲ್ಲಿ ನಾಲ್ಕು ಸಿ.ಡಿ.ಗಳಲ್ಲಿ ತಂದಿತು. ಅಷ್ಟೇ ಅಲ್ಲ, ಮೊಸಾಯಿಕ್ ಪೆಟ್ಟಿಗೆಯಲ್ಲಿ ಇಲ್ಲದ ಒಂದು ಅಪರೂಪವೂ ಅದರಲ್ಲಿ ಸೇರಿದೆ. ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಕ್ಲಬ್ಬಿನಲ್ಲಿ ಮಾಂಕ್ ಜೊತೆ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್ ನುಡಿಸಿದ ಒಂದು ರಾತ್ರಿಯ ಕಛೇರಿ ಅದು. ಕೋಲ್ಟ್ರೇನ್‌ನ ಹೆಂಡತಿ ನೈಮಾ ಪುಟ್ಟ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು. ಧ್ವನಿ ಮಸುಕಾಗಿದೆ, ಆದರೂ ಕೇಳಲೇಬೇಕಾದದ್ದು. ಅಂದಮೇಲೆ ಹೆಚ್ಚು ಹಣ ಕೊಟ್ಟು ಕಡಿಮೆ ಸಂಗೀತ ಕೊಳ್ಳುವುದು ಏತಕ್ಕೆ? ಯಂತ್ರವಿಲ್ಲದ ಮನೆಗೆ ತಟ್ಟೆ ಏತಕ್ಕೆ? ಆ ಹುಡುಗನಿಗೆ ನನ್ನ ಉತ್ತರ: ಆ ಪೆಟ್ಟಿಗೆ ಬೇಡಪ್ಪ, ಹಳೆಯ ಸಿ.ಡಿ. ಮಾರುವ ಅಂಗಡಿಯಲ್ಲಿ ಆ ನಾಲ್ಕು ಸಿ.ಡಿ.ಗಳನ್ನು ಹುಡುಕು.

ತಂದೆಗೂ ಒಂದು ಮಾತು. ಕೊಳ್ಳಬೇಡ ಎನ್ನಿ, ಕೇಳಬೇಡ ಎನ್ನಬೇಡಿ. ಬಿಡುವಿನ ಹೊತ್ತಿನಲ್ಲಿ ತಟ್ಟೆ ತೊಳೆದು ಮಾಂಕ್‌ನ ಪಿಯಾನೊಗಾಗಿ ಹಣ ಕೂಡಿಡುವ ಹುಡುಗ ಕೆಟ್ಟುಹೋಗುವ ಜಾತಿಯವನಲ್ಲ.

ಹಾಗಾದರೆ ಹಣ ಕೊಡಬೇಕಾದ ಪೆಟ್ಟಿಗೆ ಇಲ್ಲವೇ ಇಲ್ಲವೇ? ಇದೆ. ಆದರೆ ಅದನ್ನು ಗುರುತಿಸಲು ಪೆಟ್ಟಿಗೆಯ ಹೊರಗಿನ ಚಂದ ನೋಡಿದರೆ ಸಾಲದು. ಧ್ವನಿ ಎಲ್ಲಿಂದ ಬಂತು, ಯಾರು ಎತ್ತಿಕೊಟ್ಟರು ಎಂದು ಕೇಳಬೇಕು. ಲೂಯಿ ಆರ್ಮ್‌ಸ್ಟ್ರಾಂಗ್‌ನ ‘ಹಾಟ್ ಫೈವ್’, ‘ಹಾಟ್ ಸೆವೆನ್’ ತಂಡಗಳ ಧ್ವನಿಮುದ್ರಣಗಳು ಜಾಝ್‌ನ ತಳಪಾಯ. ಶಿಕಾಗೊದಲ್ಲಿ 1925ರ ನವೆಂಬರಿನಿಂದ 1928ರವರೆಗೆ ಆದವು. ಮೊದಮೊದಲಿನವು ಮೈಕ್ ಇಲ್ಲದ ಕಾಲದವು. ದೊಡ್ಡ ತುತ್ತೂರಿಯೊಂದರ ಬಾಯಿಗೆ ಎದುರಾಗಿ ನಿಂತು ನುಡಿಸಿದರೆ, ಗಾಳಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಅದರಿಂದ ಒತ್ತಿ ತೆಗೆದ 78 ವೇಗದ ತಟ್ಟೆಗಳಿಗೆ ಬಳಸುತ್ತಿದ್ದದ್ದು ಅರಗು. ಅರಗಿನ ಹುಳುವಿನಿಂದ ಬರುವ, ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂರಿಸುವ ಅದೇ ಅರಗು. ಆಗ ಜಗತ್ತಿಗೆ ಅದನ್ನು ಮುಖ್ಯವಾಗಿ ಒದಗಿಸುತ್ತಿದ್ದದ್ದು ನಮ್ಮ ದೇಶವೇ. ಆರ್ಮ್‌ಸ್ಟ್ರಾಂಗ್‌ನ ತುತ್ತೂರಿಯ ದನಿ ನಮ್ಮ ಕಾಡಿನ ಮರದ ಮೇಲಿನ ಹುಳುವಿನ ಕೃಪೆಯಿಂದ ಉಳಿಯಿತು ಎಂದರೆ ತೀರಾ ಅತಿಶಯವಾಗದು.

ಈ ಸಂಗೀತವನ್ನು 2000ದಲ್ಲಿ ಕೊಲಂಬಿಯಾ ಕಂಪನಿ ನಾಲ್ಕು ಸಿ.ಡಿ.ಗಳ ಅಂದವಾದ ಪೆಟ್ಟಿಗೆಯಾಗಿ ತಂದಿತು. ಹಕ್ಕುದಾರರೇ ಅವರು. ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನ ಜೆ.ಎಸ್.ಪಿ. ಎಂಬ ಸಣ್ಣ ಕಂಪನಿ ಇದನ್ನೇ ಅಗ್ಗದ, ಸಾದಾ ಪೆಟ್ಟಿಗೆಯಲ್ಲಿ ತಂದಿತ್ತು. ಅದು ಕಳ್ಳಮಾಲಲ್ಲ. ಯುರೋಪಿನಲ್ಲಿ ಆಗ ಧ್ವನಿಮುದ್ರಣದ ಹಕ್ಕು ಐವತ್ತೇ ವರ್ಷ ಇತ್ತು, 2013ರಿಂದ ಅದು ಎಪ್ಪತ್ತಾಗಿದೆ. ವಿಚಿತ್ರವೆಂದರೆ, ಕೇಳಿ ಬಲ್ಲ ಅನೇಕ ವಿಮರ್ಶಕರು ಮೆಚ್ಚಿದ್ದು ಅಗ್ಗದ್ದನ್ನೇ. ಕಾರಣ ಜಾನ್ ಆರ್.ಟಿ. ಡೇವೀಸ್ ಎಂಬ ತಂತ್ರಜ್ಞ. ಸ್ವತಃ ಜಾಝ್ ವಾದಕ. ಹಳೆಯ ತಟ್ಟೆಯ ಗೆರೆಯಲ್ಲಿ ಹಿಂದಿನ ಸೂಜಿಗಳು ಓಡಾಡಿ ಸವೆದ ಭಾಗವನ್ನು ಬಿಟ್ಟು, ಸವೆಯದ ಭಾಗದಲ್ಲಿ ಕೂರುವಂಥ ಅಳತೆಯ ಸೂಜಿಯನ್ನು ಆರಿಸಿ ಧ್ವನಿಯನ್ನು ಎತ್ತುವುದು ಅವರ ಕಸುಬು. ಮೊದಲೇ ಸ್ವಚ್ಛವಾಗಿ ಎತ್ತಿದರೆ ಆಮೇಲೆ ತೊಳೆಯುವ ಕೆಲಸ ಕಡಿಮೆ.

ತೊಳೆಯುವುದು ಅಂದೆನಲ್ಲ, ಅದರಲ್ಲಿ ಒಂದು ಪಾಠವಿದೆ. ಹಳೆಯ ತಟ್ಟೆಯ ಸುಸ್ ಎನ್ನುವ ಸದ್ದು ಒಂದೇ ಕಂಪನಾಂಕದ್ದಲ್ಲ, ಎಲ್ಲ ಕಂಪನಾಂಕಗಳೂ ಕಲಸಿದ್ದು. ಡ್ರಮ್ಮಿನ ಪಕ್ಕದ ಕಂಚಿನ ತಾಳ ಇದೆಯಲ್ಲ, ಅದರ ಝೇಂಕಾರವೂ ಹೆಚ್ಚುಕಡಿಮೆ ಹಾಗೆಯೇ. ಕಂಪ್ಯೂಟರಿಗೆ ಸುಸ್ ಅನ್ನು ತೆಗೆ ಎಂದರೆ ಅದು ಝೇಂಕಾರವನ್ನೂ ಒಂದಿಷ್ಟು ತಿಂದುಹಾಕುತ್ತದೆ. ಅಕ್ಕಿ ಆರಿಸುವಾಗ ಕಲ್ಲಿನ ಜೊತೆ ಅಕ್ಕಿಯೂ ಹೋದ ಹಾಗೆ. ಆದ್ದರಿಂದ ‘ಕಿಂಚಿತ್ತೂ ಸದ್ದಿಲ್ಲ’ ಎಂದು ಜಾಹೀರಾತು ಮಾಡಿದ ಪೆಟ್ಟಿಗೆಯ ಬಗ್ಗೆ ನಾನು ಎಚ್ಚರದಿಂದಿರುತ್ತೇನೆ.

ಇನ್ನೊಂದು ಪ್ರಸಂಗ ಪ್ರೌಢಶಾಲೆಯ ಮಕ್ಕಳಿಗೆ ಪ್ರಶ್ನೆಯಾಗಿ ಕೊಡಬಹುದಾದದ್ದು. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಣ ನಡೆಯುತ್ತಿದ್ದಾಗ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಆ ಟೇಪನ್ನು ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಶ್ರುತಿ ಏರುತ್ತದೋ ಇಳಿಯುತ್ತದೋ? ಏರುತ್ತದೆ. ನಿಧಾನವಾಗಿ ಬರೆದದ್ದನ್ನು ಬೇಗ ಓದಿದರೆ ಸೆಕೆಂಡಿಗೆ ಹೆಚ್ಚು ಕಂಪನ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಕೇಳಿದ ಈ ಜಾಝ್ ತಟ್ಟೆಯ ಮೊದಲ ಮಗ್ಗುಲಿನ ಮೂರೂ ಕೃತಿಗಳು ಮೂವತ್ತಕ್ಕೂ ಹೆಚ್ಚು ವರ್ಷ ತಪ್ಪು ಶ್ರುತಿಯಲ್ಲೇ ಮಾರಾಟವಾದವು. ತಟ್ಟೆಯ ಜೊತೆಗೆ ನುಡಿಸಿ ಕಲಿಯುತ್ತಿದ್ದವರಿಗೆ ತಮ್ಮ ವಾದ್ಯ ಅದಕ್ಕೆ ಹೊಂದದೆ ತಲೆಕೆಟ್ಟಿರಬೇಕು. ಇನ್ನೊಂದು ಯಂತ್ರದಲ್ಲಿ ತೆಗೆದಿಟ್ಟಿದ್ದ ಪ್ರತಿಯಿಂದ 1992ರಲ್ಲಿ ಇದನ್ನು ಸರಿಪಡಿಸಿದರು. ಹಾಗಾಗಿ, ಹಳೆಯದಾದಷ್ಟೂ ಮೂಲಕ್ಕೆ ಹತ್ತಿರ ಎಂಬ ನಂಬಿಕೆಯೂ ಎಲ್ಲ ಕಡೆ ನಿಲ್ಲುವುದಿಲ್ಲ.

ಆದರೆ ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಇದೆ, ಅದು ದುಃಖದ್ದು. 1978ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿದ್ದ ಅಟ್ಲಾಂಟಿಕ್ ಕಂಪನಿಯ ಗೋದಾಮು ಸುಟ್ಟು, ಬಿಡುಗಡೆಯಾಗದ ಎಷ್ಟೋ ಧ್ವನಿಮುದ್ರಣಗಳು ಬೂದಿಯಾದವು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬೆಂಕಿ ಬಿದ್ದಾಗ ಅಲ್ಲಿದ್ದ ಸಂಗೀತದ ಮೂಲ ಟೇಪುಗಳೂ ಉರಿದವು. ಅದರ ಪೂರ್ಣ ಸುದ್ದಿ ಹೊರಬಿದ್ದದ್ದು 2019ರಲ್ಲಿ. ಹೋದದ್ದು ಎಷ್ಟು ಎಂಬ ಬಗ್ಗೆ ಪತ್ರಿಕೆಗೂ ಕಂಪನಿಗೂ ವಾದವಿವಾದವೇ ನಡೆಯಿತು. ಟೇಪು ಹೀಗೆ ಹೋದಮೇಲೆ ಅದರಿಂದ ಮೊದಲೇ ಎತ್ತಿಟ್ಟ ಪ್ರತಿಯೇ ಮೂಲ. ಅಂಥ ಪ್ರತಿ ಎಂದೋ ಮುಗಿದುಹೋದ ಒಂದು ಪೆಟ್ಟಿಗೆಯಲ್ಲಿ ಮಾತ್ರ ಉಳಿದಿದ್ದರೆ ಅದಕ್ಕೆ ಹಣ ಕೊಡುವುದು ಹುಚ್ಚಲ್ಲ.

ನನ್ನನ್ನು ಕೇಳಿದರೆ, ಹಣ ಕೊಡಬಹುದಾದ ಪೆಟ್ಟಿಗೆಗಳಲ್ಲಿ ಅತ್ಯಂತ ವಿಚಿತ್ರವಾದದ್ದು 1990ರಲ್ಲಿ ಮೊಸಾಯಿಕ್ ತಂದ ಡೀನ್ ಬೆನೆಡೆಟ್ಟಿಯ ಧ್ವನಿಮುದ್ರಣಗಳು. ಏಳು ಸಿ.ಡಿ. ಬೆನೆಡೆಟ್ಟಿ ಸ್ವತಃ ಸ್ಯಾಕ್ಸೊಫೋನ್ ವಾದಕ, ಚಾರ್ಲಿ ಪಾರ್ಕರನ ಪರಮಭಕ್ತ. 1947ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್‌ನ ಹೈ-ಡಿ-ಹೋ ಕ್ಲಬ್ಬಿಗೆ ತಟ್ಟೆ ಕೊರೆಯುವ ಯಂತ್ರವನ್ನು ಹೊತ್ತುಕೊಂಡು ಹೋದ. ತಟ್ಟೆಗೆ ದುಡ್ಡು, ಒಂದೊಂದರಲ್ಲಿ ಹಿಡಿಯುವುದು ಕೆಲವೇ ನಿಮಿಷ. ಆದ್ದರಿಂದ ಪಾರ್ಕರ್ ನುಡಿಸಲು ತೊಡಗಿದರೆ ಸೂಜಿ ಇಳಿಸುವುದು, ಪಾರ್ಕರ್ ನಿಲ್ಲಿಸಿ ಬೇರೆಯವರು ಎತ್ತಿಕೊಂಡರೆ ಸೂಜಿ ಎತ್ತುವುದು. ಮರುವರ್ಷ ನ್ಯೂಯಾರ್ಕಿಗೂ ಹೋಗಿ ಹೀಗೇ ಹಿಡಿದ, ಆಗ ಕಾಗದದ ಪಟ್ಟಿಗೆ ಕಾಂತೀಯ ಪುಡಿ ಬಳಿದ ಆರಂಭಕಾಲದ ಟೇಪಿನಲ್ಲಿ. ಬೆನೆಡೆಟ್ಟಿ 1957ರಲ್ಲಿ ಇಟಲಿಯಲ್ಲಿ ತೀರಿಕೊಂಡ. ಈ ತಟ್ಟೆ, ಟೇಪುಗಳು ದಶಕಗಳ ಕಾಲ ಬರಿಯ ದಂತಕಥೆಯಾಗಿದ್ದು, ಕೊನೆಗೆ ಪತ್ತೆಯಾಗಿ, ಫಿಲ್ ಶಾಪ್ ಎಂಬ ವಿದ್ವಾಂಸರು ಕೂತು ತುಣುಕು ತುಣುಕಾಗಿ ದುರಸ್ತಿ ಮಾಡಿದರು.

ಕೇಳಲು ಹಿತವೇ? ಅಲ್ಲ. ಕರಕರ ಸದ್ದು, ಗ್ಲಾಸಿನ ಸದ್ದು, ಅರ್ಧಕ್ಕೆ ಕಡಿದುಹೋಗುವ ರಾಗ. ಹೊಸದಾಗಿ ಜಾಝ್ ಕೇಳುವವರಿಗೆ ನಾನು ಇದನ್ನು ಖಂಡಿತ ಹೇಳುವುದಿಲ್ಲ. ಆದರೆ ಸ್ಯಾಕ್ಸೊಫೋನ್ ಕಲಿಯುವ ವಿದ್ಯಾರ್ಥಿಗೆ, ಒಬ್ಬ ಮಹಾ ವಾದಕ ದಿನ ದಿನವೂ ಅದೇ ಕೃತಿಯನ್ನು ಹೇಗೆ ಬೇರೆ ಬೇರೆ ದಾರಿಯಲ್ಲಿ ಒಯ್ದ ಎಂದು ತೋರಿಸುವ ಪ್ರಯೋಗಾಲಯದ ದಾಖಲೆ ಅದು. ಯಾವ ತುಣುಕು ಯಾವ ರಾತ್ರಿಯದು ಎಂದು ಹೇಳುವ ಆ ಪುಸ್ತಿಕೆ ಇಲ್ಲದಿದ್ದರೆ ಈ ಏಳು ಸಿ.ಡಿ.ಗಳು ಗೊಂದಲದ ಗೂಡು. ಇಂಥ ಕಡೆ ಪುಸ್ತಿಕೆ ಕಳೆದುಹೋದ ಪೆಟ್ಟಿಗೆಯನ್ನು ಅರ್ಧ ಬೆಲೆಗೂ ಕೊಳ್ಳಬಾರದು.

ಒಂದೇ ಕೃತಿ ಹಲವು ಸಲ ಎಂದೆ. ಇದಕ್ಕೆ ಕೇಳಲು ಹಿತವಾದ ಉದಾಹರಣೆ ಬೇಕಾದರೆ ಕೋಲ್ಟ್ರೇನ್‌ನ ವಿಲೇಜ್ ವ್ಯಾನ್‌ಗಾರ್ಡ್ ಕಛೇರಿಗಳು. 1961ರ ನವೆಂಬರ್ ಮೊದಲ ವಾರ ನ್ಯೂಯಾರ್ಕಿನ ಆ ನೆಲಮಾಳಿಗೆಯ ಕ್ಲಬ್ಬಿನಲ್ಲಿ ನಾಲ್ಕು ರಾತ್ರಿ ನಡೆದದ್ದನ್ನು ರೂಡಿ ವ್ಯಾನ್ ಗೆಲ್ಡರ್ ಧ್ವನಿಮುದ್ರಿಸಿಕೊಂಡರು. 1962ರಲ್ಲಿ ಹೊರಬಂದ ಎಲ್‌ಪಿಯಲ್ಲಿ ಇದ್ದದ್ದು ಮೂರೇ ಕೃತಿ. ಇಂಪಲ್ಸ್ ಕಂಪನಿ ಪೂರ್ತಿಯಾಗಿ ನಾಲ್ಕು ಸಿ.ಡಿ.ಗಳಲ್ಲಿ ತಂದದ್ದು 1997ರಲ್ಲಿ. ಅದರಲ್ಲಿ ‘ಇಂಡಿಯಾ’ ಎಂಬ ಒಂದೇ ಕೃತಿ ನಾಲ್ಕು ಸಲ ಇದೆ, ರಾತ್ರಿಗೆ ಒಂದರಂತೆ. ತಂಬೂರಿಯ ಶ್ರುತಿಯಂತೆ ತಳದಲ್ಲಿ ಒಂದೇ ಸ್ವರ ಹರಿಯುತ್ತಿರುತ್ತದೆ, ಮೇಲೆ ಸ್ಯಾಕ್ಸೊಫೋನು. ಕೋಲ್ಟ್ರೇನ್‌ಗೆ ರವಿಶಂಕರ್ ಮೇಲೆ ಎಷ್ಟು ಗೌರವವೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟ. ಒಂದೇ ಯಮನ್ ರಾಗವನ್ನು ಭೀಮಸೇನ ಜೋಶಿಯವರ ಬೇರೆ ಬೇರೆ ಕಛೇರಿಗಳಲ್ಲಿ ಕೇಳಿದವರಿಗೆ ನಾಲ್ಕು ಸಲ ಏಕೆ ಎಂದು ನಾನು ವಿವರಿಸಬೇಕಿಲ್ಲ.

ಸ್ಟುಡಿಯೊದ ವಿಷಯ ಹಾಗಲ್ಲ. ಅಲ್ಲಿ ‘ಪೂರ್ತಿ’ ಎಂಬ ಪದಕ್ಕೆ ಮರುಳಾಗಬೇಡಿ. ಒಂದೇ ಮೂರು ನಿಮಿಷದ ಹಾಡು, ತಪ್ಪಿ ನಿಲ್ಲಿಸಿದ್ದು, ಮತ್ತೆ ಶುರು ಮಾಡಿದ್ದು, ಮತ್ತೆ ತಪ್ಪಿದ್ದು, ಎಲ್ಲವನ್ನೂ ಸಾಲಾಗಿ ಜೋಡಿಸಿದ ಪೆಟ್ಟಿಗೆಗಳಿವೆ. ಸಂಶೋಧಕರಿಗೆ ಅದು ಹಬ್ಬ, ಕೇಳುಗನಿಗೆ ಮಗ್ಗಿ ಬಾಯಿಪಾಠ. 1999ರಲ್ಲಿ ಬಂದ ಡ್ಯೂಕ್ ಎಲಿಂಗ್‌ಟನ್‌ನ ಆರ್.ಸಿ.ಎ. ವಿಕ್ಟರ್ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಸಿ.ಡಿ.ಗಳಿವೆ, 1927ರಿಂದ 1973ರವರೆಗಿನವು. ಭವ್ಯವಾದದ್ದು, ಒಪ್ಪಿದೆ. ಆದರೆ ಅದು ಗ್ರಂಥಾಲಯದ ಬೀರುವಿಗೆ ಹೇಳಿಸಿದ್ದು, ವಿದ್ಯಾರ್ಥಿಯ ಕೋಣೆಗಲ್ಲ. ಇನ್ನು ಮೈಲ್ಸ್ ಡೇವಿಸ್‌ನ ಕೊಲಂಬಿಯಾ ಪೆಟ್ಟಿಗೆಗಳಿಗೆ 1996ರಿಂದ ಒಂದು ಲೋಹದ ಬೆನ್ನು ಕಟ್ಟಿಸಿದ್ದರು. ನೋಡಲು ಒಡವೆಯಂತೆ. ಆಮೇಲೆ ಅದೇ ಸಂಗೀತ ಸಾದಾ ಕಟ್ಟಿನಲ್ಲಿ ಬಂತು. ಲೋಹದ ಬೆನ್ನಿಗಾಗಿ ಹೆಚ್ಚು ಹಣ ಕೊಡುವುದು, ಕೊಡುವವರ ಇಷ್ಟ. ಆ ಬೆನ್ನು ಹಾಡುವುದಿಲ್ಲ.

ಈಗ ಸ್ವಲ್ಪ ರಸಾಯನಶಾಸ್ತ್ರ. ಹಳೆಯ ಸಿ.ಡಿ. ಕೊಳ್ಳುವವರು ಇದನ್ನು ತಿಳಿದಿರಬೇಕು. ಸಿ.ಡಿ. ಎಂದರೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಬಿಲ್ಲೆ, ಅದರ ಮೇಲೆ ಬೆಳಕನ್ನು ಪ್ರತಿಫಲಿಸುವ ತೆಳುವಾದ ಲೋಹದ ಪದರ, ಸಾಮಾನ್ಯವಾಗಿ ಅಲ್ಯುಮಿನಿಯಂ, ಅದರ ಮೇಲೆ ಮೆರುಗೆಣ್ಣೆಯಂಥ ಲೇಪ. ಆ ಲೇಪ ತೂತಾದರೆ ಗಾಳಿ, ತೇವ ಒಳಹೊಕ್ಕು ಲೋಹ ಕೆಡುತ್ತದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಫಿಲಿಪ್ಸ್-ಡ್ಯುಪಾಂಟ್ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಒತ್ತಿದ ಹಲವು ಸಿ.ಡಿ.ಗಳು ಅಂಚಿನಿಂದ ಕಂದು ಬಣ್ಣಕ್ಕೆ ತಿರುಗಿ ಕೆಟ್ಟವು. ಅವಕ್ಕೆ ಬೆಳ್ಳಿಯ ಪದರವಿತ್ತು, ಮೇಲಿನ ಲೇಪ ಗಂಧಕವನ್ನು ತಡೆಯುವಂಥದ್ದಾಗಿರಲಿಲ್ಲ, ಗಂಧಕ ಒಳಗಿಟ್ಟ ಕಾಗದದಲ್ಲೇ ಇತ್ತು. ನಿಮ್ಮ ಮನೆಯ ಬೆಳ್ಳಿ ದೀಪ, ಕಾಲ್ಗೆಜ್ಜೆ ಕಪ್ಪಾಗುವುದೂ ಇದೇ ಕ್ರಿಯೆಯಿಂದ, ಸಿಲ್ವರ್ ಸಲ್ಫೈಡ್. ಗೆಜ್ಜೆಯನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದು, ಸಿ.ಡಿ.ಯನ್ನು ಉಜ್ಜಿ ಬೆಳಗಲಾಗದು.

ಎರಡನೆಯ ಶತ್ರು ಸ್ಪಂಜು. ಹಳೆಯ ದಪ್ಪ ಡಬ್ಬಿಗಳಲ್ಲಿ ಸಿ.ಡಿ. ಅಲುಗದಿರಲಿ ಎಂದು ಪಾಲಿಯುರಿಥೇನ್ ಸ್ಪಂಜಿನ ತುಂಡು ಇಡುತ್ತಿದ್ದರು. ವರ್ಷಗಳು ಕಳೆದಂತೆ ತೇವಕ್ಕೆ ಅದು ಕೊಳೆತು ಅಂಟಾಗಿ ಸಿ.ಡಿ.ಗೆ ಮೆತ್ತಿಕೊಳ್ಳುತ್ತದೆ. ಅಂಥ ಸ್ಪಂಜು ಕಂಡರೆ ಮೊದಲು ತೆಗೆದು ಎಸೆಯಿರಿ, ಮೂಲದ್ದು ಎಂಬ ಮೋಹ ಬೇಡ. ಎಲ್‌ಪಿಯಾದರೆ ಬಿಸಿಲೇ ವೈರಿ. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತದೆ. ಪುಸ್ತಕದಂತೆ ನಿಲ್ಲಿಸಿಡಬೇಕು. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಟ್ಟಿನ ಹೊದಿಕೆಗೆ ಬೂಸ್ಟು ಹಿಡಿಯದಂತೆ ಕಾಯುವುದು ಬೇರೆಯದೇ ತಪಸ್ಸು.

ಆದ್ದರಿಂದ ದೂರದಿಂದ ಕೊಳ್ಳುವಾಗ ಪೆಟ್ಟಿಗೆಯ ಚಿತ್ರ ಕಳಿಸಿದರೆ ಒಪ್ಪಬೇಡಿ. ಒಂದೊಂದು ಸಿ.ಡಿ.ಯನ್ನೂ ದೀಪಕ್ಕೆ ಅಡ್ಡ ಹಿಡಿದು ತೆಗೆದ ಚಿತ್ರ ಕೇಳಿ. ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಬಹಳ ಕಂಡರೆ, ಅಂಚು ಕಂದಾಗಿದ್ದರೆ ಬೇಡ. ಪುಸ್ತಿಕೆಯ ಪುಟಗಳೆಲ್ಲ ಇವೆಯೇ ಎಂದು ಬರೆದು ಕೇಳಿ. ಪುಸ್ತಿಕೆಯ ಮೇಲಿನ ಕ್ರಮಸಂಖ್ಯೆ ಚಿಕ್ಕದು ಎಂದು ಹೆಚ್ಚು ಬೆಲೆ ಹೇಳಿದರೆ ನಕ್ಕು ಸುಮ್ಮನಾಗಿ. ಹನ್ನೆರಡನೆಯ ಪ್ರತಿಗೂ ನಾಲ್ಕು ಸಾವಿರದನೆಯ ಪ್ರತಿಗೂ ಸಂಗೀತದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಭಾರತಕ್ಕೆ ತರಿಸುವುದಾದರೆ ಅಂಚೆವೆಚ್ಚ, ಸುಂಕ ಎಲ್ಲವನ್ನೂ ಕೂಡಿಸಿಯೇ ಬೆಲೆ ಲೆಕ್ಕ ಹಾಕಿ. ಮತ್ತೆ ಮಾರಿ ಲಾಭ ಮಾಡುತ್ತೇನೆ ಎಂಬ ಯೋಚನೆ ವಿದ್ಯಾರ್ಥಿಗಳಿಗೆ ಬೇಡ. ಕಂಪನಿ ನಾಳೆ ಅದನ್ನೇ ಮತ್ತೆ ಬಿಡುಗಡೆ ಮಾಡಿದರೆ ಬೆಲೆ ಇಳಿಯುತ್ತದೆ, ಸಾಲದ ಕಂತು ಇಳಿಯುವುದಿಲ್ಲ.

ಪೆಟ್ಟಿಗೆಯ ಗೊಡವೆಯೇ ಬೇಡ, ಒಂದು ತಟ್ಟೆ ಸಾಕು ಎನ್ನುವವರಿಗೆ ನಮ್ಮೂರ ಹತ್ತಿರದ್ದೇ ಒಂದನ್ನು ಹೇಳುತ್ತೇನೆ. ಪಾಣೆಮಂಗಳೂರಿನ ಕಡೆಯ ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯ ಜೊತೆ ಸ್ಯಾಕ್ಸೊಫೋನ್ ನುಡಿಸಿದ್ದು ಹಲವರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, 1983ರಲ್ಲಿ ಜರ್ಮನಿಯ ಇ.ಸಿ.ಎಂ. ಕಂಪನಿ ತಂದ ‘ಜ್ಯೋತಿ’. ಬಾಸ್ಟನ್ನಿನ ಚಾರ್ಲಿ ಮಾರಿಯಾನೊ, ನಾಗಸ್ವರವನ್ನೂ ಕಲಿತಿದ್ದವರು, ಅದರಲ್ಲಿ ಸ್ಯಾಕ್ಸೊಫೋನ್ ಮತ್ತು ಕೊಳಲು ನುಡಿಸಿದ್ದಾರೆ. ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಆರ್.ಎ. ರಮಾಮಣಿಯವರ ಹಾಡು, ಟಿ.ಎ.ಎಸ್. ಮಣಿಯವರ ಮೃದಂಗ. ಸಿಕ್ಕರೆ ರಾತ್ರಿ ಊಟವಾದ ಮೇಲೆ, ಟಿ.ವಿ. ಆರಿಸಿ, ಮನೆಯವರೆಲ್ಲ ಕೂತು ಕೇಳಿ.